ಕಾಡಿನ ಋಣ

‘ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ’ ಎಂಬ ಗಾದೆ ಕೈಸಾಲದ ವ್ಯವಹಾರಕ್ಕೆ ಮಾತ್ರ ಸಲ್ಲುವುದೆಂದು ಬಹುಮಂದಿ ಬಗೆದಿದ್ದಾರೆ. ಆದರೆ ಚರಿತ್ರೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ, ದೊಡ್ಡ ದೊಡ್ಡ ಸಾಮ್ರಾಜ್ಯಗಳೂ ಈ ಗಾದೆಗೆ ಹೊರತಲ್ಲವೆಂಬುದು ತಿಳಿಯುತ್ತದೆ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಲು ಶಾಸನ ಮಾಡಿದಾಗ, ಪರಿಹಾರಕ್ಕೆಂದು 2 ಕೋಟಿ ಪೌಂಡುಗಳನ್ನು ಮಂಜೂರು ಮಾಡಿತು. ಆ ಹಣ ಸಂದದ್ದು ಬಾರುಕೋಲಿನ ಏಟು ತಿಂದವರಿಗಲ್ಲ. ಬಾರುಕೋಲು ಹಿಡಿದಿದ್ದ ಧಣಿಗಳಿಗೆ! ಕೆರಿಬಿಯನ್ ದ್ವೀಪಗಳ ರಾಷ್ಟ್ರಗಳು 2014ರಲ್ಲಿ ಹತ್ತು ಅಂಶಗಳ ಬೇಡಿಕೆಯೊಂದನ್ನು ಯೂರೋಪಿನ ಮುಂದಿರಿಸಿದವು. ಅವುಗಳಲ್ಲಿ ಮೊದಲನೆಯದು ಹಣವಲ್ಲ, ಕ್ಷಮಾಪಣೆ. ತಪ್ಪನ್ನು ತಪ್ಪೆಂದು ಒಪ್ಪದೆ ಕೊಟ್ಟದ್ದು ಭಿಕ್ಷೆಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ ಎಂಬುದು ಇದರ ತಾತ್ಪರ್ಯ.

ಇಂಥ ಲೆಕ್ಕಾಚಾರವೆಲ್ಲ ಕಡಲಾಚೆಯದು ಎಂದು ನಿಶ್ಚಿಂತರಾಗಿರುವಂತಿಲ್ಲ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ಹಾದಿಯಲ್ಲಿಯೂ, ಕೊಳ್ಳೇಗಾಲ ಹನೂರುಗಳನ್ನು ದಾಟಿ ಮಲೆ ಮಹದೇಶ್ವರನ ಸನ್ನಿಧಿಗೆ ಸಾಗುವ ಹಾದಿಯಲ್ಲಿಯೂ ಅದರ ಒಂದು ಪುಟ ತೆರೆದೇ ಇದೆ.

ಈ ಬೆಟ್ಟಗಳ ಮೂಲನಿವಾಸಿಗಳು ಸೋಲಿಗರು. ‘ಪೋಡು’ ಎಂಬುದು ಅವರ ಹಟ್ಟಿಯ ಹೆಸರು. ಬೆಟ್ಟದ ರಂಗಸ್ವಾಮಿ ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಹೇಳಿ, ದೇವರನ್ನೇ ‘ರಂಗಭಾವ’ ಎಂದು ಕರೆಯುವ ಸಲುಗೆ ಅವರದು. ಹುಲಿ ಅವರ ಪಾಲಿಗೆ ಹುಲಿವೀರಪ್ಪ. ಹಿರಿಯ ಸಂಪಿಗೆಯ ಮರವೊಂದು ಅವರ ದೇವಾಲಯ. ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ರಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಅದನ್ನು ಮತ್ತೆ ಕಾಡಿಗೇ ಬಿಟ್ಟು ಮುಂದೆ ಸಾಗುವುದು ಅವರ ಕೃಷಿಕ್ರಮವಾಗಿತ್ತು.

ಅಂದು ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರು. ಸರ್ಕಾರಗಳು ಎರಡಾದರೂ ಕಾನೂನಿನ ನೋಟ ಒಂದೇ. 1882ರಲ್ಲಿ ಮದರಾಸಿನ ಅರಣ್ಯ ಶಾಸನ ಬಂದಿತು, 1900ರಲ್ಲಿ ಮೈಸೂರಿನದು. ಗಡಿಕಲ್ಲು ನೆಟ್ಟು, ನಕ್ಷೆ ಬರೆದು, ಒಳಗಿನದೆಲ್ಲ ಸರ್ಕಾರದ ಸ್ವತ್ತೆಂದು ಸಾರಿದರು. ತಲೆತಲಾಂತರದಿಂದ ಮನೆಯಲ್ಲಿದ್ದವನು ಒಂದು ಬೆಳಗಾಗುವಷ್ಟರಲ್ಲಿ ಹೊರಗಿನವನಾದನು. ಅವನ ಬಳಿ ಪತ್ರವಿರಲಿಲ್ಲ; ಪತ್ರ ಬೇಕಾಗುವುದೆಂದು ಅವನಿಗೆ ಹೇಳಿದವರಾದರೂ ಯಾರು?

ಬ್ರಿಟಿಷರು ಹೋದರು, 1956ರಲ್ಲಿ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅರಣ್ಯದ ಕಡತ ಮಾತ್ರ ಹಳೆಯ ಮೇಜಿನಿಂದ ಹೊಸ ಮೇಜಿಗೆ ಹಾಗೆಯೇ ವರ್ಗವಾಯಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಬೇಟೆ ನಿಂತಿತು, ಕಾಡು ಬೇಸಾಯ ನಿಂತಿತು, ಅನೇಕ ಪೋಡುಗಳು ತಮ್ಮ ನೆಲೆಯಿಂದ ಕದಲಿದವು. ಉಳಿದದ್ದು ಜೇನು, ನೆಲ್ಲಿ, ಕಲ್ಲುಪಾಚಿ, ಸೀಗೆಗಳ ಸಂಗ್ರಹದಿಂದ ಬರುವ ಅಲ್ಪ ಆದಾಯ. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾದ ಬಳಿಕ ಅವುಗಳ ಮಾರಾಟಕ್ಕೂ ತಡೆ ಬಂದಿತು. ಈ ಕೊನೆಯ ತುತ್ತನ್ನು ಕಿತ್ತುಕೊಂಡವನು ಕೆಂಪು ಮೋರೆಯ ದೊರೆಯಲ್ಲ. ಸ್ವದೇಶದ ಸರ್ಕಾರವೇ ಎಂಬುದನ್ನು ಮರೆಯಲಾಗದು.

ಈ ದೃಷ್ಟಿಯಿಂದ 2006ರ ಅರಣ್ಯ ಹಕ್ಕುಗಳ ಕಾಯಿದೆ ಅಪೂರ್ವವಾದುದು. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದೂ, ಅದು ವಸಾಹತು ಕಾಲದಲ್ಲಿ ಮಾತ್ರವಲ್ಲದೆ ಸ್ವತಂತ್ರ ಭಾರತದಲ್ಲಿಯೂ ನಡೆಯಿತೆಂದೂ ಅದರ ಪೀಠಿಕೆಯೇ ಒಪ್ಪಿಕೊಂಡಿದೆ. ರಾಷ್ಟ್ರವೊಂದು ತನ್ನ ತಪ್ಪನ್ನು ತನ್ನ ಶಾಸನದಲ್ಲಿಯೇ ಬರೆದಿಡುವುದು ಸಣ್ಣ ಮಾತಲ್ಲ. 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾದಾಗ ಸೋಲಿಗರ ಎದೆ ಮತ್ತೆ ನಡುಗಿತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಹುಲಿ ರಕ್ಷಿತಾರಣ್ಯದ ಒಡಲಿನಲ್ಲಿ ಇಂಥ ಹಕ್ಕು ಮನ್ನಣೆ ಪಡೆದದ್ದು ದೇಶದಲ್ಲಿಯೇ ಮೊದಲು.

‘ಜನರಿಗೆ ಹಕ್ಕು ಕೊಟ್ಟರೆ ಹುಲಿಯ ಗತಿಯೇನು?’ ಎಂದು ಪಟ್ಟಣದ ಹಿತಚಿಂತಕರು ಕೇಳುವುದುಂಟು. 2010ರ ಗಣತಿಗಿಂತ 2014ರ ಗಣತಿಯಲ್ಲಿ ಇಲ್ಲಿಯ ಹುಲಿಗಳು ಹೆಚ್ಚಿಯೇ ಕಂಡುಬಂದವು. ಕಾಡನ್ನು ಹದಗೆಡಿಸಿರುವ ಲಂಟಾನದ ಪೊದೆಯಾದರೋ, ವಸಾಹತು ಕಾಲದಲ್ಲಿ ಅಂದಕ್ಕೆಂದು ತಂದ ಪರದೇಶದ ಗಿಡ. ನೆಲದ ತರಗನ್ನು ಹದವರಿತು ಸುಡುತ್ತಿದ್ದ ತಮ್ಮ ಪದ್ಧತಿಯನ್ನು ನಿಲ್ಲಿಸಿದ್ದರಿಂದಲೇ ಅದು ಹಬ್ಬಿತೆಂಬುದು ಸೋಲಿಗ ಹಿರಿಯರ ವಾದ. ಈ ಮಾತು ಚರ್ಚೆಗೆ ಅರ್ಹವಾದುದು. ಆದರೆ ಹೇಳುವವರ ಬಾಯನ್ನು ಮುಚ್ಚಿಸಿ ಮಾಡುವ ಚರ್ಚೆ ಚರ್ಚೆಯಲ್ಲ.

ಹಕ್ಕುಪತ್ರ ಕೈಸೇರಿದ ಮಾತ್ರಕ್ಕೆ ಋಣ ತೀರಿತೆನ್ನಲಾಗದು. ಕಾಡಿನ ಯೋಜನೆ ಬರೆಯುವಾಗ ಗ್ರಾಮಸಭೆಯ ಮಾತು ಅದರಲ್ಲಿ ಸೇರಬೇಕು. ಜೇನು ಹೊತ್ತು ಬರುವವನನ್ನು ಕಾವಲುಗಾರನು ಕಳ್ಳನೆಂದು ನೋಡದೆ ಹಕ್ಕುದಾರನೆಂದು ನೋಡಬೇಕು. ರಜೆಯ ದಿನ ಮಕ್ಕಳೊಡನೆ ಬೆಟ್ಟವೇರಿ, ತಂಪು ಗಾಳಿ ಸವಿದು, ಜೇನಿನ ಸೀಸೆ ಕೊಂಡು ಮರಳುವ ಗೃಹಸ್ಥರೂ ಈ ಲೆಕ್ಕದಿಂದ ಹೊರಗಿನವರಲ್ಲ. ಅವರು ಹೋದದ್ದು ಸರ್ಕಾರದ ಉದ್ಯಾನಕ್ಕಲ್ಲ. ರಂಗಭಾವನ ಬೀಗರ ಮನೆಗೆ. ಬೀಗರ ಮನೆಯ ಅಂಗಳದಲ್ಲಿ ನಡೆದುಕೊಳ್ಳುವ ರೀತಿಯನ್ನು ಕನ್ನಡದ ಮನೆತನಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.