ಲೈಸೆನ್ಸಿಗೆ ಕತ್ತರಿ ಹಾಕುವವರಿಗೆ

"ತಂತ್ರಾಂಶವನ್ನೇ ತಿದ್ದಲು ಬಿಟ್ಟಿರುವಾಗ ಅದರ ಜೊತೆ ಬಂದ ಲೈಸೆನ್ಸ್ ತಿದ್ದಿದರೆ ತಪ್ಪೇನು?" ಇದು ಎದುರು ಪಕ್ಷದ ಮೊದಲ ವಾದ. ತಿದ್ದುವ ಅನುಮತಿ ಕೊಟ್ಟವನು ಪ್ರೋಗ್ರಾಂ ಬರೆದವನು; ಕೊಟ್ಟಿದ್ದು ಪ್ರೋಗ್ರಾಮಿಗೆ. ಮುಕ್ತ ತಂತ್ರಾಂಶಗಳ ಲೈಸೆನ್ಸಾದ ಜಿಪಿಎಲ್‌ನ ಪಠ್ಯದ ಕೃತಿಸ್ವಾಮ್ಯವಾದರೋ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನದು. ಇದ್ದ ಹಾಗೇ ನಕಲು ಮಾಡಿ ಹಂಚಬಹುದು, ಬದಲಿಸುವಂತಿಲ್ಲ ಎಂದು ಪಠ್ಯದ ತಲೆಯಲ್ಲೇ ಇದೆ. ತಿದ್ದಲು ಕೂತವರು ಅಷ್ಟನ್ನಾದರೂ ಓದಬೇಡವೇ?

"ಕಾನೂನು ಪತ್ರಕ್ಕೆ ಎಂಥ ಕೃತಿಸ್ವಾಮ್ಯ? ಬಾಡಿಗೆ ಕರಾರನ್ನು ಎಲ್ಲರೂ ನಕಲು ಮಾಡುವುದಿಲ್ಲವೇ?" ಎಲ್ಲರೂ ಬಳಸುವ ಸವಕಲು ವಾಕ್ಯಗಳಿಗೆ ರಕ್ಷಣೆ ತೀರಾ ತೆಳು, ಒಪ್ಪೋಣ. ಆದರೆ ಸಾವಿರಾರು ಪದಗಳ ಜಿಪಿಎಲ್ ಅಂಥದ್ದಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೇ ಸಾಹಿತ್ಯ ಕೃತಿಯ ಸಾಲಿನಲ್ಲಿ ಕೂರಿಸಿದೆ. ಈ ವಾದಿಗಳ ಪ್ರಕಾರ ಆವರಣ ಚಿಹ್ನೆಗಳ ರಾಶಿ ಸಾಹಿತ್ಯ, ವಕೀಲರು ತಿಣುಕಿ ಬರೆದ ಗದ್ಯ ಮಾತ್ರ ಯಾರಪ್ಪನದೂ ಅಲ್ಲ!

"ಸ್ವಾತಂತ್ರ್ಯ ಬೋಧಿಸುವವರೇ ತಮ್ಮ ಪಠ್ಯಕ್ಕೆ ಬೀಗ ಹಾಕಿದ್ದಾರೆ, ಇದು ಬೂಟಾಟಿಕೆ" ಎನ್ನುತ್ತಾರೆ. ಬೀಗದ ಕೈಯನ್ನೂ ಅವರೇ ಕೊಟ್ಟಿರುವುದನ್ನು ಮಾತ್ರ ಹೇಳುವುದಿಲ್ಲ. ಜಿಪಿಎಲ್‌ನ ಷರತ್ತುಗಳನ್ನು ಬದಲಿಸಿ ಬೇರೆ ಲೈಸೆನ್ಸ್ ಮಾಡಿಕೊಳ್ಳಬಹುದು ಎಂದು ಫೌಂಡೇಶನ್ ತನ್ನ ಪ್ರಶ್ನೋತ್ತರದಲ್ಲಿ ಹೇಳಿದೆ: ಹೆಸರು ಬೇರೆ ಇರಬೇಕು, ಪೀಠಿಕೆ ಬಿಡಬೇಕು, ಫೌಂಡೇಶನ್ನಿನ ಗ್ನೂ ಯೋಜನೆಯ ಹೆಸರು ಎತ್ತಬಾರದು. 2012ರ ಮೊಜಿಲ್ಲಾ ಲೈಸೆನ್ಸಿನ ಎರಡನೇ ಆವೃತ್ತಿಯೂ ಹೆಸರು ಬದಲಿಸಿದರೆ ಸರಿ ಎನ್ನುತ್ತದೆ. ತಡೆದಿರುವುದು ಹಳೆಯ ಹೆಸರಿನಲ್ಲಿ ಹೊಸ ಸರಕು ಮಾರುವುದನ್ನು. ಅದನ್ನೂ ಸ್ವಾತಂತ್ರ್ಯ ಎನ್ನುವವರು ತಮ್ಮ ಪ್ರೋಗ್ರಾಮಿನ ಹೆಸರನ್ನು ಬೇರೆಯವರು ಹಾಗೆ ಬಳಸಲು ಬಿಡುತ್ತಾರೆಯೇ?

ಬ್ರಹ್ಮಾಸ್ತ್ರವೆಂದು ತೆಗೆಯುವುದು ಡೇಟಾಬೇಸ್ ಕಂಪನಿ ಮೊಂಗೋಡಿಬಿಯನ್ನು: "2018ರಲ್ಲಿ ಅವರು ಎಜಿಪಿಎಲ್ ತಿದ್ದಲಿಲ್ಲವೇ?" ತಿದ್ದಿದರು. ಜಿಪಿಎಲ್‌ನ ಸೋದರ ಲೈಸೆನ್ಸಾದ ಅದರ ಹದಿಮೂರನೇ ಕಲಮನ್ನು ಬದಲಿಸಿ, ಎಸ್‌ಎಸ್‌ಪಿಎಲ್ ಎಂಬ ಬೇರೆ ಹೆಸರಿಟ್ಟು, ತಮ್ಮದೇ ಕೃತಿಸ್ವಾಮ್ಯವಿದ್ದ ತಂತ್ರಾಂಶಕ್ಕೆ ಹಾಕಿದರು. ಅದಕ್ಕೂ ಮೊದಲು ಬಿಡುಗಡೆಯಾದ ಆವೃತ್ತಿಗಳು ಎಜಿಪಿಎಲ್‌ನಲ್ಲೇ ಉಳಿದವು. ಎದುರಾಳಿ ಕರೆತಂದ ಸಾಕ್ಷಿ ನಮ್ಮ ಪರವಾಗಿಯೇ ನುಡಿದ ಹಾಗಾಯಿತು.

ಕೊನೆಗೆ ಉಳಿಯುವುದು ಎಂಐಟಿ ಲೈಸೆನ್ಸ್: "ಅದರಲ್ಲಿ ಪಠ್ಯ ಬದಲಿಸಬೇಡಿ ಎಂದಿಲ್ಲವಲ್ಲ." ಇಲ್ಲ, ನಿಜ. ಆದರೆ ಬೇರೆಯವರ ಕೋಡ್ ಹಂಚುವಾಗ ಆ ಅನುಮತಿ ಸೂಚನೆಯನ್ನು ಉಳಿಸಲೇಬೇಕೆಂದಿದೆ. ಅಲ್ಲಿ ನಿಮ್ಮ ಕತ್ತರಿ ಓಡದು. ಸ್ವಂತ ಕೋಡಿಗಾದರೆ ಏನು ಬೇಕಾದರೂ ಬರೆದುಕೊಳ್ಳಿ, ಫಲ ಮಾತ್ರ ನಿಮ್ಮದೇ. ಜೇಸನ್ ಎಂಬ ದತ್ತಾಂಶ ಮಾದರಿಯನ್ನು ರೂಪಿಸಿದ ಡಗ್ಲಸ್ ಕ್ರಾಕ್‌ಫರ್ಡ್ ಎಂಐಟಿ ಪಠ್ಯಕ್ಕೇ ಒಂದೇ ವಾಕ್ಯ ಸೇರಿಸಿದರು: ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕೆ ಬೇಡ. ಆ ಸದಾಶಯದ ಜೇಸನ್ ಲೈಸೆನ್ಸನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮುಕ್ತವಲ್ಲದ ಪಟ್ಟಿಗೆ ಸೇರಿಸಿತು. 2016ರಲ್ಲಿ ಅಪಾಚೆ ಫೌಂಡೇಶನ್ ತನ್ನ ಯೋಜನೆಗಳಲ್ಲಿ ನಿಷೇಧಿಸಿತು.