ಅರ್ಜಿಯಲ್ಲಿ ಕಾಣದ ವಿದ್ಯೆ

ಮೂಡಿಗೆರೆಯ ಕಾಫಿ ತೋಟಗಳಲ್ಲಿ ಮೇಲ್ವಿಚಾರಕರ ಹುದ್ದೆ ತೆರವಾದಾಗ ಹಲವೆಡೆ ಮೊದಲು ಕೇಳಿಬರುವ ಪ್ರಶ್ನೆ ‘ಏನು ಓದಿದ್ದೀರಿ?’ ಎಂಬುದೇ. ಇಪ್ಪತ್ತು ವರ್ಷ ರೈಟರಾಗಿ ಮರಗಸಿ, ಗೊಬ್ಬರ, ಕೊಯ್ಲು, ಕಣ ಎಲ್ಲವನ್ನೂ ನೋಡಿಕೊಂಡವರು ಎಸ್.ಎಸ್.ಎಲ್.ಸಿ. ದಾಟಿಲ್ಲವೆಂಬ ಕಾರಣಕ್ಕೆ ಇದ್ದಲ್ಲೇ ಉಳಿಯುತ್ತಾರೆ. ಡಿಪ್ಲೊಮಾ ಹಿಡಿದು ನಿನ್ನೆ ಬಂದ ತರುಣನಿಗೆ ತೋಟದ ಗಡಿ ತೋರಿಸುವವರೂ ಅವರೇ. ಕರಾವಳಿಯಿಂದ ಘಟ್ಟ ಹತ್ತಿದ ನಮ್ಮ ಸಮುದಾಯದ ಹಲವು ಕುಟುಂಬಗಳು ರೈಟರ್ ಕೆಲಸದಿಂದಲೇ ಬದುಕು ಕಟ್ಟಿಕೊಂಡವು. ಈ ನೋವು ನಮಗೆ ಅಪರಿಚಿತವಲ್ಲ.

ಬಿಳಿ ಕಾಂಡಕೊರಕದ ಸಂಗತಿಯನ್ನೇ ನೋಡೋಣ. ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಅವಧಿಗಳಲ್ಲಿ ದುಂಬಿಗಳು ಹೊರಬೀಳುತ್ತವೆ. ಅದಕ್ಕೆ ಮುನ್ನವೇ ಹುಳು ಹೊಕ್ಕ ಅರೇಬಿಕಾ ಗಿಡಗಳನ್ನು ಹುಡುಕಿ, ಕಿತ್ತು ಸುಡಬೇಕು. ಕಾಂಡದ ಮೇಲಿನ ಉಬ್ಬುಗೆರೆ, ಹಳದಿಗಟ್ಟಿದ ಎಲೆ ಎಂದು ಪುಸ್ತಕ ಲಕ್ಷಣ ಹೇಳುತ್ತದೆ. ಪಾಚಿ ಹಿಡಿದ ಕಾಂಡವನ್ನು ಸವರಿ ಆ ಗೆರೆಯನ್ನು ಬೆರಳಿನಲ್ಲೇ ಗುರುತಿಸುವ ಕೂಲಿ ಹೆಂಗಸಿಗೆ ಮಾತ್ರ ಯಾವ ಅಂಕಪಟ್ಟಿಯೂ ಇಲ್ಲ. ಒಂದು ಗಿಡ ಕಣ್ತಪ್ಪಿದರೆ ಸುತ್ತಲಿನ ಗಿಡಗಳಿಗೂ ಗಂಡಾಂತರ.

ಹಾಗೆಂದು ಓದನ್ನು ಹಳಿಯುವವರು ನಾವಲ್ಲ. ಎಲೆ ತುಕ್ಕುರೋಗ ಮೈಸೂರು ಸೀಮೆಯ ತೋಟಗಳನ್ನು ಕಾಡುತ್ತಿದ್ದಾಗ, 1911ರ ಸುಮಾರಿಗೆ, ರೋಗ ತಡೆಯುವ ಗಿಡವನ್ನು ಆರಿಸಿದವರು ಕೆಂಟ್ ಎಂಬ ತೋಟಗಾರರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಹುಟ್ಟಿದ್ದು 1925ರಲ್ಲಿ. ಆದರೆ ತುಕ್ಕಿನ ಹೊಸ ಬಗೆಗಳಿಗೆ ಕೆಂಟ್ ತಳಿಯೂ ಮಣಿಯಿತು. ಆಗ ವಿಜ್ಞಾನಿಗಳು ಅದನ್ನೇ ಎಸ್. 288ರೊಡನೆ ಸಂಕರಿಸಿ ಎಸ್. 795 ಎಂಬ ತಳಿಯನ್ನು ಕೊಟ್ಟರು. ತೋಟಗಾರನ ಕಣ್ಣೂ ಪ್ರಯೋಗಶಾಲೆಯ ಲೆಕ್ಕವೂ ಆ ಒಂದೇ ಗಿಡದಲ್ಲಿವೆ. ಇನ್ನು, ಮಣ್ಣು ಪರೀಕ್ಷೆ ಮಾಡಿಸದೆ ವರ್ಷವರ್ಷವೂ ಅಷ್ಟೇ ಸುಣ್ಣ ಸುರಿದು ಅದನ್ನೇ ಅನುಭವವೆನ್ನುವ ಹಿರಿಯರನ್ನೂ ನಾವು ಬಲ್ಲೆವು!

ಆಕ್ಷೇಪವಿರುವುದು ಪರೀಕ್ಷಿಸದೆ ನೇಮಿಸುವ ಸೋಮಾರಿತನಕ್ಕೆ. ಕಾಗದ ನೋಡುವುದು ಸುಲಭ, ಕೆಲಸ ನೋಡಲು ಒಂದು ಬೆಳಗಾದರೂ ಬೇಕು. ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. ಆದರೆ ಮಾಲೀಕರು ಅದಕ್ಕಾಗಿ ಕಾಯಬೇಕಾಗಿಲ್ಲ. ಅಭ್ಯರ್ಥಿಗಳಿಬ್ಬರನ್ನೂ ಅರೇಬಿಕಾ ಸಾಲಿಗೆ ಕರೆದೊಯ್ದು ಹುಳು ಹಿಡಿದ ಗಿಡ ತೋರಿಸುವಂತೆ ಹೇಳಲಿ. ಬಳಿಕ ಮಣ್ಣಿನ ವರದಿ ಕೈಗಿತ್ತು, ಎಷ್ಟು ಸುಣ್ಣ ಬೇಕೆಂದು ಕೇಳಲಿ. ಹಳೆಯ ರೈಟರ್ ಎರಡರಲ್ಲೂ ಗೆದ್ದರೆ, ಡಿಪ್ಲೊಮಾದವನಿಗೆಂದು ತೆಗೆದಿಟ್ಟ ಸಂಬಳವನ್ನು ಒಂದು ರೂಪಾಯಿಯೂ ಕಡಿಮೆಯಿಲ್ಲದೆ ಅವರಿಗೇ ಕೊಡಲಿ.