ತೊರೆಯ ನೀರು ನಮ್ಮದು, ಹಿಟ್ಟಿನ ಲಾಭ ಯಾರದು?



ನಾವು ಮಾರುವುದು ಕಾಳು. ಪೇಟೆಯವನು ಮಾರುವುದು ಹಿಟ್ಟು. 2024-25ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಅಂದರೆ ಕಿಲೋಗೆ 43 ರೂಪಾಯಿಯೂ ತುಂಬಲಿಲ್ಲ. ಇನ್ನು ಅಂಗಡಿಗೆ ಹೋಗಿ ರಾಗಿ ಹಿಟ್ಟಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಬೆಲೆಯನ್ನು ನೀವೇ ಓದಿಕೊಳ್ಳಿ. ನಡುವಿನ ಆ ಅಂತರದಲ್ಲಿ ದೊಡ್ಡ ಪಾಲು ಎಲ್ಲಿ ಹುಟ್ಟಿತು ಸ್ವಾಮಿ? ಎರಡು ಕಲ್ಲುಗಳ ನಡುವೆ ಹುಟ್ಟಿತು. ಕಲ್ಲು ಯಾರದೋ ಲಾಭ ಅವರದು.

ಈ ಲೆಕ್ಕವನ್ನು ಹಿಮಾಲಯದ ಸಣ್ಣ ರೈತರು ಅನುಭವದಿಂದ ಬಲ್ಲರು. ಕಲ್ಲು ಅವರ ಕೈಯಲ್ಲೇ ಇತ್ತು, ಕೈತಪ್ಪಿತು, ಕೆಲವು ಕಡೆ ಮತ್ತೆ ಕೈಗೆ ಬಂತು. ಉತ್ತರಾಖಂಡದವರು ಅದನ್ನು ಘರಾಟ್ ಅನ್ನುತ್ತಾರೆ, ನೇಪಾಳದವರು ಘಟ್ಟ ಅನ್ನುತ್ತಾರೆ. ತೊರೆಯ ನೀರಿನಿಂದ ತಿರುಗುವ ಬೀಸುವ ಕಲ್ಲು ಅದು. ತೊರೆಗೆ ಅಡ್ಡಲಾಗಿ ಕಲ್ಲು ಜೋಡಿಸಿ, ಕಾಲುವೆಯಲ್ಲಿ ನೀರು ತಂದು, ಇಳಿಜಾರಿನ ಮರದ ದೋಣಿಯಲ್ಲಿ ರಭಸದಿಂದ ಬೀಳಿಸುತ್ತಾರೆ. ಕೆಳಗೆ ಮಲಗಿಸಿದಂತಿರುವ ಮರದ ಚಕ್ರ. ಅದರ ನೆಟ್ಟಗಿನ ಅಚ್ಚು ಮೇಲಿನ ಕಲ್ಲನ್ನು ತಿರುಗಿಸುತ್ತದೆ, ಕೆಳಗಿನ ಕಲ್ಲು ಅಲುಗುವುದಿಲ್ಲ. ಹಲ್ಲುಚಕ್ರವಿಲ್ಲ, ಪಟ್ಟಿಯಿಲ್ಲ. ಅಲ್ಲಿ ಬೀಸುವುದರಲ್ಲಿ ಗೋಧಿ, ಜೋಳದ ಜೊತೆ ನಮ್ಮ ರಾಗಿಯೂ ಇದೆ; ಮಂಡುವಾ ಅಂತ ಅದಕ್ಕೆ ಹೆಸರು.

ಬೀಸಿದ ಕೂಲಿಯನ್ನು ಕಾಸಿನಲ್ಲಿ ಕೊಡುವ ಪದ್ಧತಿ ಹಿಂದೆ ಇರಲಿಲ್ಲ. ಬೀಸಿದ ಹಿಟ್ಟಿನಲ್ಲೋ ಕಾಳಿನಲ್ಲೋ ಒಂದು ಪಾಲು ಗಿರಣಿಯವನಿಗೆ. ಬೆಳೆ ಚೆನ್ನಾಗಿದ್ದರೆ ಅವನಿಗೂ ಚೆನ್ನ, ಬರ ಬಂದರೆ ಅವನಿಗೂ ಬರ. ಎಣ್ಣೆ ಖರ್ಚಿಲ್ಲ, ಕರೆಂಟು ಬಿಲ್ಲಿಲ್ಲ, ಗಿರಣಿಗಾಗಿ ಸಾಹುಕಾರನ ಬಾಗಿಲು ಕಾಯುವ ಕೆಲಸವಿಲ್ಲ.

ಆಮೇಲೆ ರಸ್ತೆ ಬಂತು. ರಸ್ತೆಯ ಮೇಲೆ ಡೀಸೆಲ್ ಗಿರಣಿ ಬಂತು. ಘರಾಟ್ ಗಂಟೆಗೆ ಹತ್ತು ಕಿಲೋ ಬೀಸುವಷ್ಟರಲ್ಲಿ ಅದು ಮೂಟೆಗಟ್ಟಲೆ ಬೀಸಿತು. ಜನ ಆ ಕಡೆ ಹೋದರು, ಅವರನ್ನು ತಪ್ಪು ಅನ್ನುವಂತಿಲ್ಲ. ಆದರೆ ಏನಾಯಿತು ನೋಡಿ. ಊರಲ್ಲೇ ಸುತ್ತುತ್ತಿದ್ದ ಬೀಸುವ ಕೂಲಿ ಡೀಸೆಲ್ಲಿಗೆ, ಬಿಡಿಭಾಗಕ್ಕೆ, ಯಂತ್ರದ ಸಾಲದ ಬಡ್ಡಿಗೆ ಅಂತ ಬೆಟ್ಟ ಇಳಿದು ಹೋಯಿತು. ರಸ್ತೆಯಿಲ್ಲದ ಊರಿನ ಹೆಣ್ಣುಮಕ್ಕಳು ಕಾಳಿನ ಹೊರೆ ಹೊತ್ತು ಮೈಲಿಗಟ್ಟಲೆ ನಡೆದರು.

ನೀರಿನ ಹಕ್ಕೂ ಕೈತಪ್ಪಿತ್ತು. ಆಗ ಉತ್ತರ ಪ್ರದೇಶಕ್ಕೆ ಸೇರಿದ್ದ ಕುಮಾವೂನ್ ಮತ್ತು ಗಢವಾಲ್ ಸೀಮೆಗೆ 1975ರಲ್ಲಿ ಒಂದು ಜಲ ಕಾಯಿದೆ ಬಂತು. ತಲೆತಲಾಂತರದಿಂದ ತೊರೆಯ ಮೇಲೆ ಊರಿಗೂ ಮನೆಗೂ ಇದ್ದ ರೂಢಿಯ ಹಕ್ಕನ್ನು ಅದು ರದ್ದು ಮಾಡಿ ಸರ್ಕಾರದ ಕೈಗೆ ಕೊಟ್ಟಿತು. ಕಲ್ಲು ನಿಮ್ಮದು, ಮನೆ ನಿಮ್ಮದು, ಕಾಲುವೆ ತೋಡಿದ ಕೈ ನಿಮ್ಮದು. ನೀರು ಮಾತ್ರ ನಿಮ್ಮದಲ್ಲ! ನೀರಿಲ್ಲದ ಗಿರಣಿ ಅಂದರೆ ಎತ್ತಿಲ್ಲದ ನೊಗ.

ಹೀಗಿದ್ದೂ ಆ ಜನ ಕೈಚೆಲ್ಲಿ ಕೂರಲಿಲ್ಲ. ಡೆಹ್ರಾಡೂನ್ ಬಳಿಯ ಹೆಸ್ಕೋ ಎಂಬ ಸಂಸ್ಥೆ (ಇದು ನಮ್ಮ ಕರೆಂಟಿನ ಹೆಸ್ಕಾಂ ಅಲ್ಲ), ಅದನ್ನು ಕಟ್ಟಿದ ಅನಿಲ್ ಪ್ರಕಾಶ್ ಜೋಶಿ ಅವರು ಘರಾಟಿನವರನ್ನು ಒಟ್ಟು ಸೇರಿಸಿ ದುರಸ್ತಿಗೆ ಇಳಿದರು. ನೇಪಾಳದಲ್ಲಿ 1989ರಲ್ಲಿ ಹುಟ್ಟಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಅದೇ ಕೆಲಸ ಹಿಡಿಯಿತು. 2007ರಲ್ಲಿ ಅದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬರುವ ಹೊತ್ತಿಗೆ ಸುಮಾರು 2,400 ಘಟ್ಟಗಳು ಸುಧಾರಿಸಿದ್ದವು.

ದುರಸ್ತಿ ಅಂದರೆ ಏನು ಮಾಡಿದರು? ಮಹಾ ಯಂತ್ರವನ್ನೇನೂ ತರಲಿಲ್ಲ. ಚಪ್ಪಟೆ ಮರದ ರೆಕ್ಕೆಯ ಜಾಗಕ್ಕೆ ಬಟ್ಟಲಿನಂತೆ ಬಾಗಿದ ಕಬ್ಬಿಣದ ರೆಕ್ಕೆ. ಸವೆಯುವ ಅಚ್ಚಿನ ಮೊನೆಯ ಜಾಗಕ್ಕೆ ಬೇರಿಂಗು. ಸೋರುವ ದೋಣಿಯ ಜಾಗಕ್ಕೆ ಗಟ್ಟಿ ದೋಣಿ ಅಥವಾ ಕೊಳವೆ. ಇಷ್ಟೇ.

ಇಷ್ಟಕ್ಕೆ ಎಷ್ಟು ಲಾಭ? ಲೆಕ್ಕ ಹಾಕೋಣ. ಸೆಕೆಂಡಿಗೆ 50 ಲೀಟರ್ ನೀರು 4 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿ ಸುಮಾರು 2 ಕಿಲೋವಾಟ್ ಶಕ್ತಿ ಇರುತ್ತದೆ. ಹಳೇ ಚಕ್ರ ಅದರಲ್ಲಿ ಕಾಲು ಭಾಗ ಹಿಡಿದರೆ ಹೆಚ್ಚು. ಸುಧಾರಿಸಿದ ಚಕ್ರ ಅರ್ಧದ ಹತ್ತಿರ ಹಿಡಿಯುತ್ತದೆ. ಅದೇ ನೀರು, ಅದೇ ಕಲ್ಲು, ಬೀಸುವುದು ಮಾತ್ರ ಎರಡರಷ್ಟು. ನೀರು ಇನ್ನೂ ಜಾಸ್ತಿ ಇರುವ ಕಡೆ ಅದೇ ಅಚ್ಚಿಗೆ ಪಟ್ಟಿ ಹಾಕಿ ಭತ್ತ ಕುಟ್ಟುತ್ತಾರೆ, ಎಣ್ಣೆ ತೆಗೆಯುತ್ತಾರೆ, ರಾತ್ರಿ ದೀಪ ಉರಿಸುತ್ತಾರೆ. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಕಾಯುವುದಿಲ್ಲ, ಘಮ ಹೋಗುವುದಿಲ್ಲ. ಹಿಂದೆ ಹಳೇ ಕಾಲದ್ದು ಅಂತ ಮೂಗು ಮುರಿಯುತ್ತಿದ್ದ ಪಟ್ಟಣದವರು ಈಗ ಘರಾಟಿನ ಹಿಟ್ಟು ಅಂತ ಕೇಳಿ ಕೊಳ್ಳುತ್ತಾರೆ.

ಹಳೇ ಗಿರಣಿಗೆ ಸುಣ್ಣ ಬಳಿದು, ಫಲಕ ನೆಟ್ಟು, ಪ್ರವಾಸಿಗರಿಗೆ ತೋರಿಸುವುದೂ ಜೀರ್ಣೋದ್ಧಾರವೇ ಅಂತ ಹೇಳುವವರಿದ್ದಾರೆ. ಹೇಳಲಿ. ಆದರೆ ಕಾಳು ಬೀಳದ ಕಲ್ಲು ಪಾಚಿ ಕಟ್ಟುತ್ತದೆ. ಕಲ್ಲಿಗೆ ಉಳಿ ಹಾಕುವ ಕೈ, ಕಾಲುವೆಯ ಹೂಳು ತೆಗೆಯುವ ಕೈ ಬೇಕೆಂದರೆ ಆ ಕೈಗೆ ಕೂಲಿ ಹುಟ್ಟಬೇಕು. ಹಿಟ್ಟು ಹೊರಬಂದರೆ ಕೂಲಿ ಹುಟ್ಟುತ್ತದೆ, ಫಲಕದಿಂದ ಹುಟ್ಟುವುದಿಲ್ಲ.

ಸರ್ಕಾರದ ಹಣ ಸಿಗಲಿಲ್ಲವೇ ಅಂತ ಕೇಳುತ್ತೀರಿ. ಸಿಕ್ಕಿತು. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2014ರ ಯೋಜನೆಯಲ್ಲಿ ಬೀಸುವ ನೀರುಗಿರಣಿಗೆ 50,000 ರೂಪಾಯಿ, ಕರೆಂಟನ್ನೂ ಮಾಡುವುದಕ್ಕೆ 1.5 ಲಕ್ಷ ರೂಪಾಯಿವರೆಗೆ ಇಟ್ಟಿತ್ತು. ಅದು 12ನೇ ಪಂಚವಾರ್ಷಿಕ ಯೋಜನೆಯ ಕಾಲದ ಮಾತು. 2017ಕ್ಕೆ ಆ ಅವಧಿ ಮುಗಿಯಿತು. ಯೋಜನೆಗೆ ಕೊನೆಯ ತಾರೀಖು ಇರುತ್ತದೆ. ಮಳೆಗಾಲ ಪ್ರತಿ ವರ್ಷ ಬಂದು ಕಟ್ಟೆ ಕಿತ್ತುಕೊಂಡು ಹೋಗುತ್ತದೆ. ಆಗ ಸಹಾಯಧನದ ಕಾಗದ ಹಿಡಿದು ಕಟ್ಟೆ ಕಟ್ಟಲಾದೀತೇ? ಹಾರೆ ಗುದ್ದಲಿ ಹಿಡಿದು ಇಳಿಯುವ ಸಂಘ ಬೇಕು. ನೇಪಾಳದಲ್ಲಿ ಘಟ್ಟದ ಮಾಲೀಕರು ತಮ್ಮ ತಮ್ಮಲ್ಲೇ ಸಂಘ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ನಮಗೆ ಇದರಿಂದ ಏನು? ಬಯಲುಸೀಮೆಯಲ್ಲಿ ಇಳಿಜಾರಿನ ತೊರೆ ಎಲ್ಲಿದೆ ಅನ್ನಬಹುದು. ನಿಜ. ಮಲೆನಾಡಿನಲ್ಲಿದೆ, ಅಲ್ಲಿ ಹಳ್ಳದ ನೀರಿನಿಂದ ಮನೆಯ ಮಟ್ಟಿಗೆ ಕರೆಂಟು ಮಾಡಿಕೊಂಡ ರೈತರೂ ಇದ್ದಾರೆ. ಆದರೆ ನೀರಿಲ್ಲದ ಊರಿಗೂ ಈ ಪಾಠ ಸಲ್ಲುತ್ತದೆ. ನಿಮ್ಮ ಊರಲ್ಲಿ ಮುಚ್ಚಿ ಬಿದ್ದ ಹಿಟ್ಟಿನ ಗಿರಣಿಯೋ, ಗಾಣವೋ, ಸೊಸೈಟಿಯ ಅಕ್ಕಿ ಗಿರಣಿಯೋ ಇದ್ದರೆ, ಅದಕ್ಕೆ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ತಿರುಗುವ ಶಕ್ತಿ, ನೀರಾಗಲಿ ಕರೆಂಟಾಗಲಿ, ಯಾರ ಹಿಡಿತದಲ್ಲಿದೆ? ಕೆಟ್ಟರೆ ನಮ್ಮೂರ ಬಡಗಿ, ಕಮ್ಮಾರ ಸರಿಮಾಡಬಲ್ಲರೇ, ಇಲ್ಲ ಪಟ್ಟಣದಿಂದ ಮೆಕ್ಯಾನಿಕ್ ಬರಬೇಕೇ? ಬೀಸಿದ ಕೂಲಿ ಊರಲ್ಲಿ ಉಳಿಯುತ್ತದೆಯೇ, ಇಲ್ಲ ಯಂತ್ರದ ಸಾಲದ ಕಂತಿಗೆ ಹೋಗುತ್ತದೆಯೇ?

ಮೂರಕ್ಕೂ ನೇರ ಉತ್ತರ ಸಿಕ್ಕರೆ ಕೆಲಸ ಶುರು ಮಾಡಿ. ಸಿಗದಿದ್ದರೆ ಸಾಲದ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಡಿ. ಬೆಲೆ ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಜೊತೆಗೆ, ಕಾಳನ್ನು ಕಾಳಾಗಿಯೇ ಲಾರಿಗೆ ತುಂಬಿ ಕಳಿಸಿ, ಹಿಟ್ಟನ್ನು ಪೊಟ್ಟಣದಲ್ಲಿ ಕೊಂಡು ತರುವ ದಾರಿದ್ರ್ಯದಿಂದ ಒಂದೊಂದು ಊರಾದರೂ ಹೊರಗೆ ಬರಲಿ.